ಮನೆಯಲ್ಲೇ ಕಟ್ಟಿದ ಎಕ್ಸ್‌ರೇ: ಗೈಗರ್ ಕೌಂಟರ್ ಕಡಿಮೆ ತೋರಿಸಿದರೆ ಹೆದರಬೇಕಿಲ್ಲ ಅಲ್ವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹತ್ತು ಹಂತದ ಮಾರ್ಕ್ಸ್ ಜನರೇಟರ್ (ಕೆಪಾಸಿಟರುಗಳಲ್ಲಿ ಚಾರ್ಜ್ ಕೂಡಿಟ್ಟು ಭಾರೀ ವೋಲ್ಟೇಜಿನ ಕಿಡಿ ಹಾರಿಸುವ ಯಂತ್ರ) ಕಟ್ಟಿದ್ದೀರಿ. ಅದು ಸೆಕೆಂಡಿಗೆ ಸುಮಾರು 5 ಸಲ ಸಿಡಿಯುತ್ತದೆ. ಅದಕ್ಕೆ ಹಳೆಯದೊಂದು ವ್ಯಾಕ್ಯೂಮ್ ಟ್ಯೂಬ್ ಜೋಡಿಸಿ ಒಂದು ಕ್ಯಾಲ್ಕುಲೇಟರಿನ ಚಿತ್ರ ತೆಗೆದಿದ್ದೀರಿ, ಮಸುಕಾಗಿ ಬಂದಿದೆ. ವಿಕಿರಣವನ್ನು ಟಿಕ್ ಟಿಕ್ ಅಂತ ಎಣಿಸುವ ಗೈಗರ್ ಕೌಂಟರ್ ಅರ್ಧ ಮೀಟರ್ ದೂರದಲ್ಲಿ ನಿಮಿಷಕ್ಕೆ 300 ತೋರಿಸಿತು, 2 ಮೀಟರ್ ದೂರದಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಕಡಿಮೆ ಇದ್ದ ಮೇಲೆ ಕೈಯದೊಂದು ಚಿತ್ರ ತೆಗೆಯಬಹುದಾ ಅಂತ ಕೇಳಿದ್ದೀರಿ.

ಬೇಡ. ಕೈಯ ಮಾತಿರಲಿ, ಈ ಉತ್ತರ ಓದಿ ಮುಗಿಸುವ ತನಕ ಅದನ್ನು ಆನ್ ಕೂಡ ಮಾಡಬೇಡಿ.

ನೀವು ಕೊಟ್ಟ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಸೆಕೆಂಡಿಗೆ 5 ಕಿಡಿ. ನಿಮಿಷಕ್ಕೆ 60 ಸೆಕೆಂಡ್. ಗುಣಿಸಿದರೆ 300. ನಿಮ್ಮ ಮೀಟರ್ ಎಣಿಸುತ್ತಿರುವುದು ಕಿಡಿಗಳನ್ನು. ಎಕ್ಸ್‌ರೇ ಎಷ್ಟಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಯಾಕೆ ಹೀಗೆ ಅಂದರೆ, ಗೈಗರ್ ಟ್ಯೂಬ್ ಒಮ್ಮೆ ಟಿಕ್ ಅಂದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಕುರುಡಾಗಿರುತ್ತದೆ. ಮಾರ್ಕ್ಸ್ ಜನರೇಟರಿನ ಪಲ್ಸ್ ಸಾಮಾನ್ಯವಾಗಿ ಒಂದು ಮೈಕ್ರೋಸೆಕೆಂಡೂ ಬಾಳುವುದಿಲ್ಲ. ಅಷ್ಟರೊಳಗೆ ಟ್ಯೂಬಿಗೆ ಎಕ್ಸ್‌ರೇಯ ಒಂದೇ ಕಣ (ಫೋಟಾನ್) ಬಡಿದರೂ ಒಂದೇ ಟಿಕ್, ಹತ್ತು ಲಕ್ಷ ಬಡಿದರೂ ಒಂದೇ ಟಿಕ್. ಹಾಗಾಗಿ ರೀಡಿಂಗ್ ಕಿಡಿಗಳ ಲೆಕ್ಕವನ್ನು ದಾಟುವುದೇ ಇಲ್ಲ. ಇನ್ನೊಂದು ಸುಳಿವೂ ನಿಮ್ಮ ಮಾತಿನಲ್ಲೇ ಇದೆ. ಅರ್ಧ ಮೀಟರಿನಿಂದ 2 ಮೀಟರಿಗೆ ಸರಿದರೆ ದೂರ ನಾಲ್ಕು ಪಟ್ಟಾಯಿತು, ಎಕ್ಸ್‌ರೇ ಹದಿನಾರನೇ ಒಂದು ಪಾಲಿಗೆ ಇಳಿಯಬೇಕು. ನಿಮ್ಮ ಮೀಟರ್ ಕದಲಲೇ ಇಲ್ಲ.

ಇದಕ್ಕೆ ಬೇರೊಂದು ಕಾರಣವೂ ಇರುತ್ತದೆ. ಕಿಡಿ ಹಾರುವ ಸಂದು, ಅಂದರೆ ಸ್ಪಾರ್ಕ್ ಗ್ಯಾಪ್, ಒಂದು ರೇಡಿಯೋ ಟ್ರಾನ್ಸ್‌ಮಿಟರ್ ಇದ್ದ ಹಾಗೆ. ಅದರ ಗದ್ದಲ ಮೀಟರಿನ ಸರ್ಕ್ಯೂಟಿಗೆ ನುಗ್ಗಿ ಎಕ್ಸ್‌ರೇ ಇಲ್ಲದಿದ್ದರೂ ಟಿಕ್ ಅನ್ನಿಸಬಲ್ಲದು. ಆದರೆ ನಿಮಗೆ ಮಸುಕಾಗಿಯಾದರೂ ಚಿತ್ರ ಬಂದಿದೆ. ಕ್ಯಾಲ್ಕುಲೇಟರಿನ ಡಬ್ಬಿ ದಾಟಿ ಬಂದದ್ದು ರೇಡಿಯೋ ಅಲೆಯಂತೂ ಅಲ್ಲ.

ನಾನೂ ಇದೇ ಗುಂಡಿಗೆ ಬಿದ್ದವನು. ನನ್ನದು ಸೆಕೆಂಡಿಗೆ 8 ಸಲ ಸಿಡಿಯುತ್ತಿತ್ತು, ಮೀಟರ್ ನಿಮಿಷಕ್ಕೆ 480ರ ಆಸುಪಾಸು ತೋರಿಸುತ್ತಿತ್ತು. ಎಷ್ಟು ಸ್ಥಿರವಾದ ರೀಡಿಂಗ್ ಅಂತ ಖುಷಿಪಟ್ಟೆ! ವಿಕಿರಣದ ಎಣಿಕೆ ಯಾವಾಗಲೂ ಹೆಚ್ಚುಕಡಿಮೆ ಆಗುತ್ತಲೇ ಇರಬೇಕು, ಗಡಿಯಾರದ ಹಾಗೆ ಬಂದರೆ ಅನುಮಾನ ಪಡಬೇಕು ಅನ್ನುವುದು ಹೊಳೆಯಲಿಲ್ಲ. ಆಮೇಲೆ ಒಬ್ಬ ಗೆಳೆಯ ಪೆನ್ ಡೋಸಿಮೀಟರ್ ಕೊಟ್ಟ. ಜೇಬಿಗೆ ಸಿಕ್ಕಿಸುವಂಥದ್ದು, ಕಣ್ಣಿಗಿಟ್ಟು ನೋಡಿದರೆ ಒಳಗೆ ಸಣ್ಣ ಎಳೆಯೊಂದು ಸ್ಕೇಲಿನ ಮೇಲೆ ಕಾಣುತ್ತದೆ. ಅದು ಟಿಕ್ ಎಣಿಸುವುದಿಲ್ಲ, ಬಿದ್ದದ್ದನ್ನೆಲ್ಲ ಕೂಡಿಸುತ್ತದೆ. ನಾನು ಕೂರುತ್ತಿದ್ದ ಕುರ್ಚಿಯ ಮೇಲೆ ಅದನ್ನಿಟ್ಟು ದೂರದಿಂದ ಒಂದು ಸಂಜೆ ಯಂತ್ರ ಓಡಿಸಿದೆ. ಎಳೆ 2 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ) ಸ್ಕೇಲಿನ ಮುಕ್ಕಾಲು ಭಾಗ ಓಡಿತ್ತು. ಪ್ರಕೃತಿಯಿಂದಲೇ ನಮಗೆಲ್ಲ ಸಿಗುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಅರ್ಧ ವರ್ಷಕ್ಕೂ ಮೀರಿದ್ದು ಒಂದೇ ಸಂಜೆಗೆ! ಹಿಂದೆ ಎಷ್ಟು ಸಂಜೆ ಆ ಕುರ್ಚಿಯಲ್ಲಿ ಕೂತಿದ್ದೆ ಅಂತ ಎಣಿಸಲು ಹೋಗಲಿಲ್ಲ.

ಕೈಗೆ ತಕ್ಷಣ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಎಕ್ಸ್‌ರೇ ಸುಟ್ಟ ಚರ್ಮ ಕಾಣಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಟ್ಯೂಬ್ ಸರಿಯಿದೆಯಾ ಅಂತ ತನ್ನ ಕೈಯನ್ನೇ ಅಡ್ಡ ಹಿಡಿದು ನೋಡುತ್ತಿದ್ದ. ಮೊದಲು ಹುಣ್ಣಾಯಿತು, ಆಮೇಲೆ ಕೈಗಳನ್ನೇ ಕತ್ತರಿಸಬೇಕಾಯಿತು, 1904ರಲ್ಲಿ ತೀರಿಕೊಂಡ. ರಾಂಟ್ಜನ್ 1895ರ ನವೆಂಬರಿನಲ್ಲಿ ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಅವರ ಹತ್ತಿರ ಇದ್ದದ್ದೂ ನಮ್ಮಂಥದ್ದೇ ಸಾಮಾನು, ಒಂದು ಇಂಡಕ್ಷನ್ ಕಾಯಿಲ್ ಮತ್ತು ಗಾಳಿ ತೆಗೆದ ಗಾಜಿನ ಟ್ಯೂಬ್.

ಇನ್ನು ಚಿತ್ರ ಯಾಕೆ ಮಸುಕು? ಎರಡು ಬೇರೆ ಬೇರೆ ಕಾಯಿಲೆ ಇವೆ.

ಒಂದು, ಬೆಳಕು ಸಾಲದ್ದು. ನಿಮ್ಮ ಕೆಪಾಸಿಟರ್ ಒಂದೊಂದೂ 1000 ಪಿಕೋಫ್ಯಾರಡ್, 10 ಕಿಲೋವೋಲ್ಟಿಗೆ ಚಾರ್ಜ್ ಅಂದಿದ್ದೀರಿ. ಮಾರ್ಕ್ಸ್ ಜನರೇಟರಿನ ಜಾಣ್ಮೆ ಏನೆಂದರೆ ಚಾರ್ಜ್ ಆಗುವಾಗ ಎಲ್ಲವೂ ಪ್ಯಾರಲೆಲ್ (ಅಕ್ಕಪಕ್ಕ ಜೋಡಿಸಿದ ಹಾಗೆ), ಸಿಡಿಯುವಾಗ ಎಲ್ಲವೂ ಸೀರೀಸ್ (ಒಂದರ ಹಿಂದೊಂದು ಸರಪಳಿಯ ಹಾಗೆ). (1924ರಲ್ಲಿ ಎರ್ವಿನ್ ಮಾರ್ಕ್ಸ್ ಇದನ್ನು ಮಾಡಿದ್ದು. ಮಿಂಚಿನ ಹೊಡೆತವನ್ನು ಪ್ರಯೋಗಾಲಯದಲ್ಲೇ ಹುಟ್ಟಿಸಲು ಇಂದಿಗೂ ಇದನ್ನೇ ಬಳಸುತ್ತಾರೆ.) ಹತ್ತು ಸೀರೀಸ್ ಆದಾಗ 100 ಕಿಲೋವೋಲ್ಟ್ ಸಿಗುತ್ತದೆ, ಆದರೆ ಕೆಪಾಸಿಟಿ 100 ಪಿಕೋಫ್ಯಾರಡಿಗೆ ಇಳಿಯುತ್ತದೆ. ಆಗ ಒಂದು ಹೊಡೆತಕ್ಕೆ ಟ್ಯೂಬಿನಲ್ಲಿ ಹರಿಯುವುದು ಹೆಚ್ಚೆಂದರೆ 10 ಮೈಕ್ರೋಕೂಲಂಬ್. ಎಕ್ಸ್‌ರೇ ತೆಗೆಯುವವರ ಭಾಷೆಯಲ್ಲಿ 0.01 ಮಿಲಿಆಂಪ್-ಸೆಕೆಂಡ್. ಹಲ್ಲಿನ ಡಾಕ್ಟರ ಯಂತ್ರ 7 ಮಿಲಿಆಂಪಿನಲ್ಲಿ 0.2 ಸೆಕೆಂಡ್ ಓಡಿದರೆ 1.4 ಆಗುತ್ತದೆ. ಅಂದರೆ ನಿಮ್ಮ ಯಂತ್ರ ಸುಮಾರು 140 ಸಲ ಸಿಡಿದರೆ ಅಷ್ಟು ಚಾರ್ಜ್ ಸಮ. ಅದೂ ಕಾಗದದ ಮೇಲಿನ ಲೆಕ್ಕ. ಒಂದೊಂದು ಹೊಡೆತದಲ್ಲೂ ವೋಲ್ಟೇಜ್ ಕೆಳಗಿಳಿಯುತ್ತಾ ಹೋಗುತ್ತದೆ, ಒಂದಷ್ಟು ಕಿಡಿಯಲ್ಲೇ ಸೋರುತ್ತದೆ. ಟ್ಯೂಬ್ ತಲುಪಿದ ಶಕ್ತಿಯಲ್ಲೂ ಎಕ್ಸ್‌ರೇ ಆಗುವುದು ಶೇಕಡಾ 1ಕ್ಕಿಂತ ಕಡಿಮೆ, ಉಳಿದದ್ದು ಬಿಸಿ.

ಇದನ್ನು ನೋಡಿ ಹಲ್ಲಿನ ಯಂತ್ರದ ಟ್ಯೂಬನ್ನೇ ತಂದು ಮಾರ್ಕ್ಸಿಗೆ ಜೋಡಿಸೋಣ ಅನ್ನಿಸಬಹುದು. ಕೆಲಸ ಆಗುವುದಿಲ್ಲ. ಅದರ ಕಾದ ಫಿಲಮೆಂಟ್ ನಿಧಾನವಾಗಿ ಎಲೆಕ್ಟ್ರಾನ್ ಬಿಡುವಂಥದ್ದು, ಮಿಲಿಆಂಪ್‌ಗಳ ಲೆಕ್ಕ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವ ಪಲ್ಸಿನಲ್ಲಿ ಅದು ಏನನ್ನೂ ಕೊಡದು. ಜೊತೆಗೆ ಅದು ಎಣ್ಣೆಯೊಳಗೆ ಕೂರಬೇಕಾದದ್ದು. ಹೊರಗಿಟ್ಟರೆ ಕಿಡಿ ಗಾಜಿನ ಹೊರಮೈ ಮೇಲೆಯೇ ಓಡುತ್ತದೆ. ಪಲ್ಸಿಗೆಂದೇ ಮಾಡಿದ ಟ್ಯೂಬುಗಳಲ್ಲಿ ಫಿಲಮೆಂಟೇ ಇರುವುದಿಲ್ಲ. ಚೂಪಾದ ಅಂಚಿನಿಂದ ಎಲೆಕ್ಟ್ರಾನುಗಳನ್ನು ವೋಲ್ಟೇಜೇ ಕಿತ್ತು ತರುತ್ತದೆ. ಹಾರುವ ಗುಂಡಿನ ಎಕ್ಸ್‌ರೇ ಚಿತ್ರ ಹಿಡಿಯುವುದು ಇಂಥದ್ದರಲ್ಲೇ.

ಎರಡನೆಯ ಕಾಯಿಲೆ, ಎಕ್ಸ್‌ರೇ ಹೊರಡುವ ಜಾಗ ದೊಡ್ಡದಾಗಿರುವುದು. ಹಲ್ಲಿನ ಟ್ಯೂಬಿನಲ್ಲಿ ಆ ಚುಕ್ಕೆ 1 ಮಿಲಿಮೀಟರಿಗಿಂತ ಚಿಕ್ಕದು. ನಿಮ್ಮ ಟ್ಯೂಬ್ ಈ ಕೆಲಸಕ್ಕೆ ಹುಟ್ಟಿದ್ದಲ್ಲ, ಅದರ ಇಡೀ ಲೋಹದ ತಟ್ಟೆಯೇ ಹೊಳೆಯುತ್ತಿರುತ್ತದೆ. ಟ್ಯೂಬ್ ಲೈಟಿನ ಕೆಳಗೆ ಕೈ ಹಿಡಿದರೆ ನೆರಳಿನ ಅಂಚು ಕದಡುತ್ತದಲ್ಲ, ಅದೇ ಕಥೆ. ವಸ್ತುವನ್ನು ಸ್ಕ್ರೀನಿಗೆ (ಎಕ್ಸ್‌ರೇ ಬಿದ್ದಾಗ ಹೊಳೆಯುವ ಹಾಳೆಗೆ) ಒತ್ತಿ ಇಟ್ಟು, ಟ್ಯೂಬನ್ನು ದೂರ ಸರಿಸಿದಷ್ಟೂ ಅಂಚು ಚೂಪಾಗುತ್ತದೆ. ಆದರೆ ದೂರ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು ಬೇಕು. ಚಿತ್ರದಲ್ಲಿ ಬಿಳಿ ಚುಕ್ಕೆಗಳು ಅಂದಿರಿ, ಅದು ಎಕ್ಸ್‌ರೇ ನೇರವಾಗಿ ಕ್ಯಾಮರಾ ಸೆನ್ಸರಿಗೆ ಬಡಿದ ಗುರುತು. ಬಲ್ಲವರು ಸ್ಕ್ರೀನಿನ ಹಿಂದೆ 45 ಡಿಗ್ರಿಯಲ್ಲಿ ಕನ್ನಡಿ ಇಟ್ಟು, ಕ್ಯಾಮರಾವನ್ನು ಪಕ್ಕದಲ್ಲಿ ಸೀಸದ ಮರೆಯಲ್ಲಿ ಇಡುತ್ತಾರೆ.

ಹಾಗಾದರೆ ಮುಂದೇನು ಅಂತೀರಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಟ್ಯೂಬನ್ನು ತೆಗೆದಿಡಿ. ಹೆಚ್ಚಿನ ದೇಶಗಳಲ್ಲಿ ಎಕ್ಸ್‌ರೇ ಯಂತ್ರ ಕಟ್ಟುವುದಕ್ಕೂ ಓಡಿಸುವುದಕ್ಕೂ ಪರವಾನಗಿ ಬೇಕು. ಅದು ಸುಮ್ನೆ ಮಾಡಿದ ನಿಯಮ ಅಲ್ಲ. ಕಿರಣ ನಿಮ್ಮ ಮೇಜಿನ ಅಂಚಿಗೆ ನಿಲ್ಲುವುದಿಲ್ಲ. ಮರದ ಬಾಗಿಲು ಅದಕ್ಕೆ ಲೆಕ್ಕವೇ ಅಲ್ಲ, ಗೋಡೆಗೂ ನೆಲಕ್ಕೂ ಬಡಿದು ಚೆದುರಿ ವಾಪಸ್ ಬರುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ನೀವು ಕೇಳಿಲ್ಲ ಅಲ್ವಾ? ಈ ಆಸೆ ಬಿಡಲಾಗದಿದ್ದರೆ ಪರವಾನಗಿ ಇರುವ ಕಾಲೇಜು ಲ್ಯಾಬಿನಲ್ಲಿ, ಪೂರ್ತಿ ಮುಚ್ಚಿದ, ಬಾಗಿಲು ತೆರೆದರೆ ತಾನೇ ಆರುವ ಪೆಟ್ಟಿಗೆಯಲ್ಲಿ ಮಾಡಿ. ಅಲ್ಲಿ ಡೋಸ್ ಅಳೆಯಲು ಕೂಡಿಸುವ ಜಾತಿಯ ಮೀಟರ್ ಇರುತ್ತದೆ.

ನಾನು ಮಾಡಿದ್ದೂ ಅದನ್ನೇ. ಟ್ಯೂಬ್ ಕಪಾಟಿಗೆ ಹೋಯಿತು, ಬರೀ ಜನರೇಟರ್ ಉಳಿಯಿತು. ಅದರ ಕಿಡಿಯೇ ಸಾಕಷ್ಟು ಚೆಂದ, ಕಿವಿಗೆ ಮಫ್ ಹಾಕಿಕೊಂಡರೆ. ಕಿಡಿಯಿಂದ ಓಝೋನ್ ಹುಟ್ಟುತ್ತದೆ, ಕಿಟಕಿ ತೆರೆದಿಡಿ.

ಟ್ಯೂಬ್ ಬಿಚ್ಚುವ ಮುಂಚೆ ಒಂದು ಮಾತು. ನಿಮ್ಮ ಹತ್ತು ಹಂತದಲ್ಲಿ ಒಟ್ಟು ಶಕ್ತಿ ಅರ್ಧ ಜೂಲ್ ಅಷ್ಟೇ, ಆದರೆ 10 ಕಿಲೋವೋಲ್ಟಿನ ಏಟಿಗೆ ಕೈ ತಾನಾಗಿ ಹಾರಿ ಎಲ್ಲಿ ಬಡಿಯುತ್ತದೋ ಹೇಳಲಾಗದು. ಅದಕ್ಕೆ ಚಾರ್ಜ್ ಕೊಡುವ ಸಪ್ಲೈಯಂತೂ ಇನ್ನೂ ಅಪಾಯ, ಅದರ ಪ್ಲಗ್ ಮೊದಲು ಕಿತ್ತು ಪಕ್ಕಕ್ಕಿಡಿ. ಉದ್ದ ಪ್ಲಾಸ್ಟಿಕ್ ಕೋಲಿನ ತುದಿಗೆ ಅರ್ತ್ ತಂತಿ ಕಟ್ಟಿ, ರೆಸಿಸ್ಟರ್ ಮೂಲಕ ಒಂದೊಂದೇ ಹಂತವನ್ನು ಮುಟ್ಟಿಸುತ್ತಾ ಬನ್ನಿ. ಒಮ್ಮೆ ಖಾಲಿ ಮಾಡಿದ ಕೆಪಾಸಿಟರ್ ಕೆಲವು ನಿಮಿಷದಲ್ಲಿ ತಾನೇ ಒಂದಿಷ್ಟು ಚಾರ್ಜ್ ಎತ್ತಿಕೊಳ್ಳುತ್ತದೆ. ಅದಕ್ಕೇ ಪ್ರತಿ ಹಂತಕ್ಕೂ ಒಂದು ತುಂಡು ತಂತಿ ಅಡ್ಡ ಹಾಕಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಬಿಚ್ಚಿ.