ಟಿಕೆಟ್ ಮೊದಲೋ, ವೀಸಾ ಮೊದಲೋ?

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಮೇ ತಿಂಗಳಲ್ಲಿ ಪ್ಯಾರಿಸ್ (4 ರಾತ್ರಿ), ಸ್ವಿಟ್ಜರ್ಲೆಂಡ್ (7 ರಾತ್ರಿ) ನೋಡಿ ಬರಬೇಕೆಂದಿದ್ದೇವೆ. ಟಿಕೆಟ್ ತೋರಿಸದೆ ವೀಸಾ ಸಿಗುವುದಿಲ್ಲ, ಈಗಲೇ ದುಡ್ಡು ಕಟ್ಟಿ ಅನ್ನುತ್ತಾರೆ ಏಜೆಂಟರು. ವೀಸಾ ಬರುವವರೆಗೆ ಒಂದು ರೂಪಾಯಿಯೂ ಬಿಚ್ಚಬೇಡಿ ಅನ್ನುತ್ತಾರೆ ಅಳಿಯಂದಿರು. ಯಾರ ಮಾತು ಕೇಳೋಣ?
– ಓದುಗರು, ದಾವಣಗೆರೆ

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಗೆ ಹೋಗಿಬರುವ ವಿಮಾನದ ರಿಸರ್ವೇಷನ್ ಬೇಕು; ಪೂರ್ತಿ ಹಣ ಕಟ್ಟಿದ ಟಿಕೆಟ್ಟೇ ಆಗಬೇಕೆಂದಿಲ್ಲ. ಏಜೆಂಟರ ಹತ್ತಿರ ಸೀಟು ಹಿಡಿದಿಡುವ ರಿಸರ್ವೇಷನ್ ಕೇಳಿ. ಅದರ ಪಿಎನ್ಆರ್ ಎಷ್ಟು ದಿನ ಜೀವಂತ ಎಂಬುದನ್ನೂ ಕೇಳಿ. ಒಂದೆರಡು ದಿನಕ್ಕೆ ಸತ್ತುಹೋಗುವ ಪಿಎನ್ಆರ್ ತೆಗೆದುಕೊಂಡರೆ ದೂತಾವಾಸದವರು ಪರಿಶೀಲಿಸುವ ಹೊತ್ತಿಗೆ ಏನೂ ಕಾಣಿಸುವುದಿಲ್ಲ. ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟ 'ಡಮ್ಮಿ ಟಿಕೆಟ್' ಮಾತ್ರ ಮುಟ್ಟಲೇಬೇಡಿ. ಸುಳ್ಳು ದಾಖಲೆ ಎಂದಾದರೆ ಅದೊಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುತ್ತದೆ.

ಟಿಕೆಟ್ಟನ್ನೇ ಕೊಳ್ಳುವುದಾದರೆ ರದ್ದು ಮಾಡಿದಾಗ ಹಣ ವಾಪಸ್ ಬರುವ ದರದ್ದನ್ನು ಕೊಳ್ಳಿ. 'ರೀಫಂಡಬಲ್' ಎಂದಿದ್ದರೂ ಶುಲ್ಕ ಹಿಡಿಯುವುದುಂಟು. ಎಷ್ಟೆಂದು ಮೊದಲೇ ಓದಿ. ಹೋಟೆಲ್‌ಗೆ ಉಚಿತ ರದ್ದತಿ ಇರುವ ಬುಕಿಂಗ್ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ: ವೋಚರಿನಲ್ಲಿ ಗಂಡನ ಹೆಸರೊಂದೇ ಇರುತ್ತದೆ, ಹೆಂಡತಿ ಉಳಿಯುವುದೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ, ಒಂದು ರಾತ್ರಿಯೂ ಖಾಲಿ ಬಿಡಬೇಡಿ. ಉಚಿತ ರದ್ದತಿಯ ಕಡೆಯ ದಿನ ವೀಸಾ ತೀರ್ಮಾನದ ನಂತರ ಬೀಳಬೇಕು. ಅರ್ಜಿ ಒಳಗಿರುವಾಗ ಬುಕಿಂಗ್ ರದ್ದು ಮಾಡಬೇಡಿ.

ಇಳಿಯುವುದು ಪ್ಯಾರಿಸ್ಸಿನಲ್ಲಾದರೂ ಹೆಚ್ಚು ರಾತ್ರಿ ಸ್ವಿಟ್ಜರ್ಲೆಂಡಿನಲ್ಲಿ. ಆದ್ದರಿಂದ ಈ ಷೆಂಗೆನ್ ಅರ್ಜಿ ಹಾಕಬೇಕಾದ್ದು ಸ್ವಿಟ್ಜರ್ಲೆಂಡಿಗೇ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನದವರೆಗೂ ಎಳೆಯಬಹುದು. ಬೇಸಿಗೆ ರಜೆಯ ಪ್ರವಾಸಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಫೆಬ್ರವರಿಯಲ್ಲೇ ಹಿಡಿದರೆ ನೆಮ್ಮದಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಹೋಗುವ ದಿನದಿಂದ ಬರುವ ದಿನದವರೆಗೆ ಇರಬೇಕು. ವೀಸಾ ಸಿಗದಿದ್ದರೆ ಪ್ರೀಮಿಯಂ ಹಿಂದಿರುಗಿಸುವ ಪಾಲಿಸಿಯನ್ನೇ ಆರಿಸಿ. ದೊಡ್ಡವರಿಗೆ ತಲಾ 90 ಯೂರೋ ವೀಸಾ ಶುಲ್ಕವಂತೂ ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ. ಆ ಲೆಕ್ಕ ಅಳಿಯಂದಿರಿಗೂ ಹೇಳಿಬಿಡಿ.

ಪ್ರಶ್ನೆ: ಲಂಡನ್ನಿಗೂ ಇದೇ ಕ್ರಮವೇ?
– ಓದುಗರು, ಹಾಸನ

ಉತ್ತರ: ಅಲ್ಲ. ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ವಿಮಾನ, ಹೋಟೆಲ್ ಬುಕಿಂಗ್ ತೋರಿಸಬೇಕಿಲ್ಲ. ಅಲ್ಲಿಂದ ಮುಂದೆ ಬೇರೆ ದೇಶಕ್ಕೆ ಹೋಗುವವರಿಗೆ ಮಾತ್ರ ಟಿಕೆಟ್ಟಿನ ಪ್ರಶ್ನೆ ಬರುತ್ತದೆ. ನೋಡುವುದು ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ, ಕೆಲಸ. ಅರ್ಜಿಗೆ ನಾಲ್ಕು ದಿನ ಮುಂಚೆ ಖಾತೆಗೆ ದಿಢೀರನೆ ಬಂದು ಬಿದ್ದ ಲಕ್ಷಗಳಿಗೆ ಮೂಲ ತೋರಿಸಲಾಗದಿದ್ದರೆ, ಎಷ್ಟು ಟಿಕೆಟ್ ಇಟ್ಟರೂ ಉಪಯೋಗವಿಲ್ಲ.