ಅಡಿಕೆ ತೋಟದಲ್ಲಿ ತೆಗೆದ ಕೀಟಗಳ ಮ್ಯಾಕ್ರೋ ಫೋಟೋ ಕಪ್ಪಾಗಿ ಬರುತ್ತದೆ, ಎಡಿಟ್ ಮಾಡಿ ಬೆಳಕು ಹೆಚ್ಚಿಸಿದರೆ ಬರೀ ನಾಯ್ಸ್ (ಕಾಳುಕಾಳು ಚುಕ್ಕೆ). ಏನು ಮಾಡಲಿ?

ಎಡಿಟಿಂಗ್ ವಿಷಯಕ್ಕೆ ಆಮೇಲೆ ಬರುತ್ತೇನೆ. 90 ಎಂಎಂ ಮ್ಯಾಕ್ರೋ ಲೆನ್ಸ್, ಎಫ್/16, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200, ಫ್ಲ್ಯಾಶ್ ಇಲ್ಲ, ಜಾಗ ಹಿರಿಯಡ್ಕದ ಅಡಿಕೆ ತೋಟ ಎಂದು ಬರೆದಿದ್ದೀರಿ. ನಾನೂ ಉಡುಪಿ ಕಡೆಯವನೇ, ನಮ್ಮ ತೋಟಗಳ ನೆರಳು ಎಂಥದ್ದೆಂದು ಚೆನ್ನಾಗಿ ಗೊತ್ತು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲಂತೂ ನಡು ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆಯೇ. ನಿಮ್ಮ ಚಿತ್ರಗಳಿಗೆ ಬೇಕಾಗಿರುವುದು ಬೆಳಕು. ಕ್ಯಾಮೆರಾಕ್ಕೆ ಬಾರದ ಬೆಳಕನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಮೊದಲು ಎಫ್/16 ಬಿಡಿ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಕಿರಿದು, ಒಳಬರುವ ಬೆಳಕು ಕಡಿಮೆ. ಕೀಟಕ್ಕೆ ತೀರಾ ಹತ್ತಿರ ಹೋದಾಗ ನೀವಿಟ್ಟ ಎಫ್ ಸಂಖ್ಯೆಯೇ ಕೆಲಸ ಮಾಡುತ್ತಿರುವುದಿಲ್ಲ. 1:1 ಅಳತೆಯಲ್ಲಿ, ಅಂದರೆ ಸೆನ್ಸರ್ ಮೇಲೆ ಬೀಳುವ ಬಿಂಬ ಕೀಟದಷ್ಟೇ ದೊಡ್ಡದಾಗಿರುವಾಗ, ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಿಮ್ಮ ಎಫ್/16 ಅಲ್ಲಿ ಎಫ್/32. ಎರಡು ಸ್ಟಾಪ್ (ಒಂದೊಂದಕ್ಕೂ ಬೆಳಕು ಅರ್ಧವಾಗುತ್ತದೆ) ಹೋಗಿ ಬೆಳಕು ಕಾಲು ಭಾಗಕ್ಕೆ ಇಳಿಯಿತು. ಸಾಲದ್ದಕ್ಕೆ ಡಿಫ್ರ್ಯಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರ ಮಸುಕಾಗುತ್ತದೆ. ನೀವು ಫೋಕಸ್ ತಪ್ಪಿದೆ ಅಂದುಕೊಂಡ ಎಷ್ಟೋ ಚಿತ್ರಗಳಲ್ಲಿ ಆಗಿರುವುದು ಇದೇ ಇರಬಹುದು. ಎಫ್/8 ಅಥವಾ ಎಫ್/11 ಇಡಿ. ಸ್ವಲ್ಪ ಸಣ್ಣ ಅಳತೆಯ ಎಪಿಎಸ್-ಸಿ ಸೆನ್ಸರ್‌ನಲ್ಲಿ ಆಗ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರೂ ಇರುವುದಿಲ್ಲ, ನಿಜ. ಅದಕ್ಕೆ ಕೀಟದ ಮೈ ಸೆನ್ಸರ್‌ಗೆ ಸಮಾನಾಂತರವಾಗಿ ಬರುವಂತೆ ಕೋನ ಹುಡುಕಿ, ಕಣ್ಣಿನ ಮೇಲೆ ಫೋಕಸ್ ಇಡಿ.

ಇನ್ನು ಫ್ಲ್ಯಾಶ್. ನೈಸರ್ಗಿಕ ಬೆಳಕೇ ಚೆಂದ ಎಂಬ ವಾದ ನನಗೂ ಇಷ್ಟ, ಆದರೆ ತೋಟದ ನೆರಳಿನಲ್ಲಿ ಗಾಳಿಗೆ ಅಲ್ಲಾಡುವ ಎಲೆಯ ಮೇಲೆ ಓಡುವ ಇರುವೆಗೆ ಅದು ಒಪ್ಪುವ ಮಾತಲ್ಲ. ಕ್ಯಾಮೆರಾ ಮ್ಯಾನುಯಲ್ ಮೋಡ್, ಶಟರ್ 1/160 ಅಥವಾ 1/200 ಸೆಕೆಂಡ್, ಐಎಸ್‌ಒ 200ರಿಂದ 400. ಫ್ಲ್ಯಾಶ್ ಕೂಡ ಮ್ಯಾನುಯಲ್, 1/8 ಅಥವಾ 1/16 ಪವರ್‌ನಿಂದ ಶುರು ಮಾಡಿ. ಆ ಪವರ್‌ನಲ್ಲಿ ಮಿಂಚು ಸೆಕೆಂಡಿನ ಸಾವಿರಾರನೇ ಒಂದು ಪಾಲು ಹೊತ್ತು ಮಾತ್ರ ಇರುತ್ತದೆ, ಕೈ ನಡುಗಿದ್ದೂ ಎಲೆ ಅಲ್ಲಾಡಿದ್ದೂ ಚಿತ್ರದಲ್ಲಿ ಕಾಣದು. ಟಿಟಿಎಲ್, ಅಂದರೆ ಫ್ಲ್ಯಾಶ್ ಪವರನ್ನು ಕ್ಯಾಮೆರಾವೇ ನಿರ್ಧರಿಸುವ ವಿಧಾನ, ನನಗೆ ಹಿಡಿಸುವುದಿಲ್ಲ. ಹಿಂದಿನ ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿದು ಕೀಟವನ್ನು ಬಿಳುಚಿಸಿಬಿಡುತ್ತದೆ. ಮ್ಯಾಕ್ರೋದಲ್ಲಿ ನೀವು ಕೀಟದಿಂದ ಇರುವ ದೂರ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಒಮ್ಮೆ ಹೊಂದಿದ ಪವರ್ ಬಹುಪಾಲು ಹಾಗೆಯೇ ನಡೆಯುತ್ತದೆ.

ಆದರೆ ಬರೀ ಫ್ಲ್ಯಾಶ್ ಹೊಡೆದರೆ ಚಿತ್ರ ಹಾಳು. ಬೆಳಕನ್ನು ಹರಡಿ ಮೆದುವಾಗಿಸುವ ಡಿಫ್ಯೂಸರ್ ಬೇಕೇ ಬೇಕು, ಮತ್ತು ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಅದಕ್ಕೇ. ದುಡ್ಡು ಕೊಟ್ಟು ತರಬೇಕೆಂದಿಲ್ಲ. ಸ್ಟೇಷನರಿ ಅಂಗಡಿಯ ಟ್ರೇಸಿಂಗ್ ಪೇಪರ್ ಆಗುತ್ತದೆ, ಟಿವಿ ಪೆಟ್ಟಿಗೆಯೊಳಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯೂ ಆಗುತ್ತದೆ. ಎರಡು ಪದರ ಹಾಕಿ, ನಡುವೆ ಸ್ವಲ್ಪ ಅಂತರ ಬಿಡಿ. ಲೆನ್ಸ್‌ನ ಮೇಲಿಂದ ಚಾಚಿ, ಕೆಳಗಿನ ಅಂಚು ಕೀಟದ ತಲೆಯ ಮೇಲೆ ಬರುವಷ್ಟು ಹತ್ತಿರ ಇರಲಿ. ಮಿರುಗುವ ಜೀರುಂಡೆಯ ಬೆನ್ನು ಕನ್ನಡಿ ಇದ್ದ ಹಾಗೆ: ಅದರ ಮೇಲಿನ ಹೊಳಪಿನಲ್ಲಿ ನಿಮ್ಮ ಬೆಳಕಿನ ಆಕಾರವೇ ಕಾಣುತ್ತದೆ. ಚಿತ್ರ ದೊಡ್ಡದು ಮಾಡಿ ನೋಡಿ. ಚೂಪಾದ ಬಿಳಿ ಚುಕ್ಕೆ ಕಂಡರೆ ಡಿಫ್ಯೂಸರ್ ಸಣ್ಣದಾಯಿತು ಅಥವಾ ದೂರವಾಯಿತು. ಅಂಚಿನ ಕಡೆಗೆ ಮೆಲ್ಲನೆ ಕರಗುವ ಅಗಲ ಹೊಳಪು ಕಂಡರೆ ಸರಿಯಾಗಿದೆ.

ಹಿನ್ನೆಲೆ ಪೂರ್ತಿ ಕಪ್ಪಾಗುವುದು ಬೇಡವೆಂದರೆ ಕೀಟದ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಎಲೆ ಬರುವಂತೆ ನಿಲ್ಲಿ. ಫ್ಲ್ಯಾಶ್ ಬೆಳಕು ಆ ಎಲೆಗೂ ತಾಗಬೇಕು.

ಫ್ಲ್ಯಾಶ್ ಇಲ್ಲದೆ ಬಿಸಿಲಿನಲ್ಲಿ ತೆಗೆಯುವಾಗ ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು ಪೂರ್ತಿ ನಂಬಬೇಡಿ. ಅದಕ್ಕೆ ಎಲ್ಲವೂ ನಡು ಬೂದು ಬಣ್ಣವಾಗಬೇಕು. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗನ್ನು ನೋಡಿ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಳೆವ ಹಳದಿ. ಮೀಟರ್ ಕಪ್ಪನ್ನು ನೋಡಿ ಬೆಳಕು ಏರಿಸುತ್ತದೆ, ಹಳದಿಯೊಳಗಿನ ನರಗಳ ವಿವರ ಅಳಿಸಿಹೋಗುತ್ತದೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರಿನ ಲೆಕ್ಕವನ್ನು ಏರಿಸುವ, ಇಳಿಸುವ ಸೆಟ್ಟಿಂಗ್) ಮೈನಸ್ 1ರ ಆಸುಪಾಸು ಇಡಿ. ಬಿಳಿ ಪತಂಗಕ್ಕೆ ಇದರ ಉಲ್ಟಾ.

ಗೇರು ಮರದ ಕೆಂಪಿರುವೆಯ ಚಿತ್ರದಲ್ಲಿ ಮೈಯೆಲ್ಲ ಒಂದೇ ಕಿತ್ತಳೆ ಬಣ್ಣದ ಮುದ್ದೆಯಾಗಿದೆ ಎಂದಿದ್ದೀರಲ್ಲ, ಅದು ಕೆಂಪು ಚಾನೆಲ್ ಒಡೆದದ್ದರಿಂದ, ಅಂದರೆ ಕೆಂಪು ಬಣ್ಣದ ಮಟ್ಟ ಮಿತಿ ಮೀರಿ ವಿವರ ಅಳಿಸಿಹೋದದ್ದರಿಂದ. ಕೆಂಪು ಕೇಪುಳ ಹೂವಿನ ಮೇಲೆ ಕೂತ ಯಾವ ಕೀಟಕ್ಕೂ ಇದೇ ಪಾಡು. ಬಿಳಿ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ. ಕ್ಯಾಮೆರಾ ತೋರಿಸುವುದು ಜೆಪೆಗ್‌ನ ಲೆಕ್ಕ, ಹಾಗಾಗಿ ಪಿಕ್ಚರ್ ಸ್ಟೈಲ್ ನ್ಯೂಟ್ರಲ್ ಇಟ್ಟರೆ ನಿಜಕ್ಕೆ ಹತ್ತಿರದ ಚಿತ್ರಣ ಸಿಗುತ್ತದೆ. ಫೈಲ್ ಮಾತ್ರ ರಾ, ಅಂದರೆ ಸೆನ್ಸರ್ ಕೊಟ್ಟ ಕಚ್ಚಾ ಮಾಹಿತಿಯ ಫೈಲ್, ಆಗಿಯೇ ಇರಲಿ. 14 ಬಿಟ್ ರಾದಲ್ಲಿ ಪ್ರತಿ ಚಾನೆಲ್‌ಗೆ 16,384 ಮಟ್ಟ, 8 ಬಿಟ್ ಜೆಪೆಗ್‌ನಲ್ಲಿ 256.

ಇಷ್ಟಾದರೆ ಎಡಿಟಿಂಗ್‌ಗೆ ಉಳಿಯುವುದು ಕಡಿಮೆ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ಯಾವುದಾದರೂ ಸಾಕು. ಮೊದಲು ವೈಟ್ ಬ್ಯಾಲೆನ್ಸ್, ಏಕೆಂದರೆ ಸುತ್ತಲಿನ ಎಲೆಗಳಿಂದ ತೋಟದ ನೆರಳಿಗೇ ಒಂದು ಹಸಿರು ಛಾಯೆ ಇರುತ್ತದೆ. ಆಮೇಲೆ ಎಕ್ಸ್‌ಪೋಶರ್ ಮತ್ತು ಹೈಲೈಟ್ಸ್, ಆಮೇಲೆ ನಾಯ್ಸ್. ಕ್ಲಾರಿಟಿಯನ್ನು ಪೂರ್ತಿ ಏರಿಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಕೀಟದ ಮೈಮೇಲಿನ ನವಿರು ರೋಮ ತಂತಿಯಂತಾಗುತ್ತದೆ, ಅದರ ನಿಜವಾದ ಚೆಲುವು ಹೋಗುತ್ತದೆ. ಶಾರ್ಪನಿಂಗ್ ಇಡೀ ಚಿತ್ರಕ್ಕೆ ಹಾಕಬೇಡಿ, ಮಾಸ್ಕ್ ಎಳೆದು ಕೀಟಕ್ಕೆ ಮಾತ್ರ ಹಾಕಿ. ಹಿನ್ನೆಲೆಗೆ ಹಾಕಿದರೆ ಆಗಷ್ಟೇ ಇಳಿಸಿದ ನಾಯ್ಸ್ ಮತ್ತೆ ಎದ್ದು ಬರುತ್ತದೆ. ಕ್ರಾಪ್ ಮಾಡುವಾಗಲೂ ಲೆಕ್ಕ ಇರಲಿ: ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದರೆ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಉಳಿಯುವುದು 6.

ಕೆಂಪಿರುವೆಯ ರಾ ಫೈಲ್ ಇನ್ನೂ ಇದ್ದರೆ ಅಳಿಸಬೇಡಿ. ಪ್ರೊಫೈಲ್ ನ್ಯೂಟ್ರಲ್ ಮಾಡಿ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ ನೋಡಿ. ಜೆಪೆಗ್‌ನಲ್ಲಿ ಕಾಣದ ಕೀಲುಗಳು ಅದರಲ್ಲಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಕಂಡರೆ ಇಲ್ಲೇ ಕೆಳಗೆ ಹಾಕಿ, ಬಣ್ಣದ ಬಗ್ಗೆ ಮುಂದೆ ಮಾತಾಡೋಣ.