ಅಂಗಡಿಯ ಸಿಬ್ಬಂದಿ ಸಮಯಕ್ಕೆ ಸರಿಯಾಗಿ ಊಟಕ್ಕೆ ಹೋಗುವಂತೆ ನೋಡಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹದಿನಾರು ಮಂದಿ ದುಡಿಯುವ ಮಳಿಗೆಯೊಂದರ ಮೇಲ್ವಿಚಾರಣೆ ಇತ್ತೀಚೆಗೆ ನಿಮ್ಮ ಪಾಲಿಗೆ ಬಂದಿದೆ. ಊಟದ ಬಿಡುವಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೀರಿ, ಎಲ್ಲರ ಮೊಬೈಲಿನಲ್ಲೂ ಅಲಾರಂ ಇಡಿಸಿದ್ದೀರಿ. ಆದರೂ ಒಂದು ಗಂಟೆಗೆ ಹೋಗಬೇಕಾದವರು ಮೂರೂವರೆಗೆ ಹೋಗುತ್ತಾರೆ, ಕೆಲವರು ಹೋಗುವುದೇ ಇಲ್ಲ. ಹೀಗೆ ಬಿಡುವು ತಪ್ಪಿಸುವವರ ಮೇಲೆ ಕ್ರಮ ಕೈಗೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಮಳಿಗೆಗಳಲ್ಲಿ ಹಲವು ವರ್ಷ ಶಿಫ್ಟ್ ನಡೆಸಿದವನಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ವೇಳಾಪಟ್ಟಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೋಗಬೇಕು ಎಂದು ಬರೆದಿರುತ್ತದೆ. ಅವರು ಹೋದಾಗ ಆ ಜಾಗದಲ್ಲಿ ಯಾರು ನಿಲ್ಲಬೇಕು ಎಂದು ಬರೆದಿರುವುದಿಲ್ಲ. ಊಟದ ಬಿಡುವು ತಪ್ಪುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಬಹುಪಾಲು ಇದೊಂದೇ. ಬಿಲ್ಲಿಂಗ್ ಕೌಂಟರಿನಲ್ಲಿ ನಿಂತ ಹುಡುಗಿಗೆ ಒಂದು ಗಂಟೆಯಾಯಿತು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಎದುರಿಗೆ ಐದು ಮಂದಿ ಬುಟ್ಟಿ ಹಿಡಿದು ನಿಂತಿರುವಾಗ ಆಕೆ ಯಂತ್ರ ಬಿಟ್ಟು ಹೊರಟರೆ ಗಿರಾಕಿಗಳ ಸಿಟ್ಟು ಆಕೆಯ ಮೇಲೆ, ಸಹೋದ್ಯೋಗಿಯ ಅಸಮಾಧಾನವೂ ಆಕೆಯ ಮೇಲೆ. ಆ ಹೊತ್ತಿನಲ್ಲಿ ಅಲಾರಂ ಹೊಡೆದುಕೊಂಡರೆ ಆಕೆ ಮಾಡುವ ಕೆಲಸ ಅದನ್ನು ಆರಿಸುವುದು, ಅಷ್ಟೆ. ಹೋಗಬೇಕೋ ಬೇಡವೋ ಎಂಬ ತೀರ್ಮಾನವನ್ನು ಸರತಿಯ ಎದುರು ನಿಂತವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದನ್ನು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮಾಡಿ ಮುಗಿಸಬೇಕು, ಮಾಡಬೇಕಾದವರು ನೀವು.

ಆದ್ದರಿಂದ ಮೊದಲ ಬದಲಾವಣೆಯಾಗಿ ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಪ್ರತಿಯೊಂದು ಬಿಡುವಿನ ಎದುರಿಗೂ ಆ ಅರ್ಧ ಗಂಟೆ ಆ ಜಾಗ ನೋಡಿಕೊಳ್ಳುವವರ ಹೆಸರು ಇರಲಿ. 'ಯಾರಾದರೂ ನೋಡಿಕೊಳ್ಳಿ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಎರಡನೆಯದಾಗಿ, ಬಿಡುವಿನ ಹೊತ್ತನ್ನು ನೆನಪಿಟ್ಟುಕೊಳ್ಳುವ ಹೊಣೆಯನ್ನೂ ಈ ಬದಲಿಯವರಿಗೇ ಕೊಡಿ. ಊಟಕ್ಕೆ ಹೋಗುವವರು ಬಂದು 'ನಾನು ಹೋಗಲೇ?' ಎಂದು ಕೇಳುವ ಪದ್ಧತಿ ಇರುವವರೆಗೂ ಸಂಕೋಚದವರು ಹಿಂದೆ ಉಳಿಯುತ್ತಾರೆ. ಬದಲಿಯವರೇ ಬಂದು ಪಕ್ಕದಲ್ಲಿ ನಿಂತು 'ನೀವು ಹೊರಡಿ' ಎನ್ನುವಂತಾದರೆ ಸಂಕೋಚಕ್ಕೆ ಎಡೆಯೇ ಇರುವುದಿಲ್ಲ.

ಇನ್ನು ಲೆಕ್ಕದ ಮಾತು. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ, ಮತ್ತು ಹೆಚ್ಚಿನ ಮೇಲ್ವಿಚಾರಕರು ಇದನ್ನು ಕಾಗದದ ಮೇಲೆ ಹಾಕಿ ನೋಡುವುದೇ ಇಲ್ಲ. ಬಿಡುವಿನ ಗಡುವನ್ನು ಗೋಡೆ ಗಡಿಯಾರದ ಮಧ್ಯಾಹ್ನದಿಂದ ಎಣಿಸಬಾರದು, ಆ ವ್ಯಕ್ತಿ ಕೆಲಸಕ್ಕೆ ನಿಂತ ಹೊತ್ತಿನಿಂದ ಎಣಿಸಬೇಕು. ಯಾರೂ ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಯಬಾರದು ಎಂದು ಇಟ್ಟುಕೊಳ್ಳೋಣ. ಬಂದು ಮೂರು ಗಂಟೆಯಾಗುವ ಮೊದಲೇ ಊಟಕ್ಕೆ ಕಳುಹಿಸಿದರೆ ಉಳಿದ ಶಿಫ್ಟ್ ತೀರಾ ಉದ್ದವಾಗುತ್ತದೆ. ಹಾಗಾಗಿ ಒಬ್ಬೊಬ್ಬರಿಗೂ ಸಿಗುವುದು ಮೂರನೆಯ ಗಂಟೆ ಮುಗಿದಲ್ಲಿಂದ ಐದನೆಯ ಗಂಟೆ ಮುಗಿಯುವವರೆಗಿನ ಎರಡು ಗಂಟೆಯ ಅವಕಾಶ, ಎಂದರೆ ಅರ್ಧರ್ಧ ಗಂಟೆಯ ನಾಲ್ಕು ಸರದಿ. ಬೆಳಗಿನ ಶಿಫ್ಟಿನಲ್ಲಿ ಹತ್ತು ಮಂದಿ ಇದ್ದು ಎಲ್ಲರೂ ಒಂಬತ್ತಕ್ಕೇ ಬಂದರೆ ಹನ್ನೆರಡರಿಂದ ಎರಡರೊಳಗೆ ಹತ್ತೂ ಮಂದಿಯನ್ನು ಕಳುಹಿಸಬೇಕು. ಒಂದೊಂದು ಸರದಿಗೆ ಇಬ್ಬರು ಮೂವರು ಒಟ್ಟಿಗೆ ಹೊರಗಿರುತ್ತಾರೆ. ಅನೇಕ ಮಳಿಗೆಗಳಲ್ಲಿ ಗಿರಾಕಿಗಳು ಮುಗಿಬೀಳುವುದೂ ಅದೇ ಹೊತ್ತಿಗೆ, ಏಕೆಂದರೆ ಅವರು ಬರುವುದು ತಮ್ಮ ಊಟದ ಬಿಡುವಿನಲ್ಲಿ. ಒಬ್ಬೊಬ್ಬರನ್ನೇ ಕಳುಹಿಸುತ್ತೇನೆಂದು ಹೊರಟರೆ ಹತ್ತು ಮಂದಿಗೆ ಐದು ಗಂಟೆ ಬೇಕು. ಕೊನೆಯವರು ಸಂಜೆ ನಾಲ್ಕೂವರೆಗೆ ಹೋಗುತ್ತಾರೆ. ನಿಮ್ಮಲ್ಲಿ ಮೂರೂವರೆಗೆ ಹೋಗುತ್ತಿರುವವರು ಸೋಮಾರಿಗಳೂ ಅಲ್ಲ, ಹಟಮಾರಿಗಳೂ ಅಲ್ಲ. ಅವರು ಈ ಲೆಕ್ಕದ ಬಾಲದಲ್ಲಿ ಸಿಕ್ಕಿಕೊಂಡವರು.

ಈಗ ಅದೇ ಹತ್ತು ಮಂದಿಯಲ್ಲಿ ನಾಲ್ವರನ್ನು ಒಂಬತ್ತಕ್ಕೂ ಮೂವರನ್ನು ಹತ್ತಕ್ಕೂ ಉಳಿದ ಮೂವರನ್ನು ಹನ್ನೊಂದಕ್ಕೂ ಬರಹೇಳಿ ನೋಡಿ. ಮೊದಲಿನವರ ಅವಕಾಶ ಹನ್ನೆರಡರಿಂದ ಎರಡು, ನಡುವಿನವರದು ಒಂದರಿಂದ ಮೂರು, ಕೊನೆಯವರದು ಎರಡರಿಂದ ನಾಲ್ಕು. ಹನ್ನೆರಡರಿಂದ ನಾಲ್ಕರವರೆಗೆ ಎಂಟು ಸರದಿ ಸಿಗುತ್ತದೆ; ಆರು ಸರದಿಯಲ್ಲಿ ಒಬ್ಬೊಬ್ಬರು, ಎರಡರಲ್ಲಿ ಮಾತ್ರ ಇಬ್ಬಿಬ್ಬರು ಹೊರಗಿದ್ದರೆ ಎಲ್ಲರ ಊಟವೂ ಗಡುವಿನೊಳಗೇ ಮುಗಿಯುತ್ತದೆ. ಒಬ್ಬರನ್ನೂ ಹೊಸದಾಗಿ ಸೇರಿಸಿಕೊಂಡಿಲ್ಲ, ಒಬ್ಬರನ್ನೂ ಗದರಿಸಿಲ್ಲ, ಬರುವ ಹೊತ್ತನ್ನಷ್ಟೇ ಹಂಚಿದ್ದೇವೆ. ನಿಮ್ಮ ಮಳಿಗೆಯ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಏನು ಮಾಡಿದರೂ ಹೊಂದದಿದ್ದರೆ ಆ ಶಿಫ್ಟಿಗೆ ಜನ ಸಾಲದು ಎಂದೇ ತಿಳಿಯಬೇಕು. ಆಗ ಆ ಕಾಗದವನ್ನೇ ಮೇಲಿನವರ ಮುಂದಿಟ್ಟು ಕೇಳಬಹುದು. 'ಸಿಬ್ಬಂದಿ ಕಡಿಮೆ' ಎಂಬ ಬರಿಯ ದೂರಿಗಿಂತ ಅದಕ್ಕೆ ತೂಕ ಹೆಚ್ಚು.

ಮೊದಲ ಸರದಿಯವರಿಗೆ ಊಟವಾದ ಮೇಲಿನ ದುಡಿಮೆ ಉದ್ದವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಅವರಿಗೆ ಮಧ್ಯಾಹ್ನದ ನಂತರ ಹತ್ತು ಹದಿನೈದು ನಿಮಿಷದ ಇನ್ನೊಂದು ಬಿಡುವು ಕೊಡಿ, ಮತ್ತು ಬೇಗ ಹೋಗುವ ಸರದಿಯನ್ನು ವಾರಕ್ಕೊಮ್ಮೆ ಬದಲಿಸಿ.

ಪಟ್ಟಿ ಸರಿಯಾದ ಮೇಲೂ ಕೌಂಟರಿನಲ್ಲಿ ಒಂದು ಅಡ್ಡಿ ಉಳಿಯುತ್ತದೆ, ಅದು ಗಲ್ಲಾ. ಒಂದೇ ಹಣದ ಪೆಟ್ಟಿಗೆಯನ್ನು ಇಬ್ಬರು ಕ್ಯಾಷಿಯರ್‌ಗಳು ಬಳಸುವುದಾದರೆ ಕೈ ಬದಲಾಗುವಾಗಲೆಲ್ಲ ನೋಟು ಎಣಿಸಬೇಕು, ಚಿಲ್ಲರೆ ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ವಾಪಸು ಬಂದಾಗ ಮತ್ತೆ ಅದೇ. ಎಣಿಸದೆ ಹೋದರೆ ಸಂಜೆ ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಯಾರ ಕೈಯಿಂದ ತುಂಬಿಸುವುದು ಎಂಬ ಹೆದರಿಕೆ. ಈ ತಾಪತ್ರಯ ಬೇಡವೆಂದೇ ಎಷ್ಟೋ ಕ್ಯಾಷಿಯರ್‌ಗಳು ಬಿಡುವನ್ನೇ ಬಿಟ್ಟುಬಿಡುತ್ತಾರೆ. ಪರಿಹಾರ ಸರಳ: ಪ್ರತಿಯೊಬ್ಬ ಕ್ಯಾಷಿಯರ್‌ಗೂ ಹಣದ ಟ್ರೇ ಬೇರೆ, ಲಾಗಿನ್ ಬೇರೆ ಇರಲಿ. ಹೋಗುವವರು ತಮ್ಮ ಟ್ರೇ ತೆಗೆದು ಬೀಗ ಹಾಕಿಟ್ಟು ಲಾಗೌಟ್ ಆಗಲಿ, ಬದಲಿಯವರು ತಮ್ಮ ಟ್ರೇ ಇಟ್ಟು ಲಾಗಿನ್ ಆಗಲಿ. ಇದಕ್ಕೆ ಎರಡು ನಿಮಿಷವೂ ಬೇಡ. ಬದಲಿ ಇಲ್ಲದೆ ಆ ಕೌಂಟರನ್ನೇ ಮುಚ್ಚುವುದಾದರೆ, ಬಿಡುವಿಗೆ ಐದು ನಿಮಿಷ ಮುಂಚೆ ಶಿಫ್ಟಿನ ಸೂಪರ್‌ವೈಸರ್ ಬಂದು ಸರತಿಯ ಕೊನೆಯ ಗಿರಾಕಿಯ ಹಿಂದೆ ನಿಂತು, ಆಮೇಲೆ ಬರುವವರನ್ನು ಪಕ್ಕದ ಕೌಂಟರಿಗೆ ಕಳುಹಿಸಬೇಕು. 'ಇನ್ನು ಇಲ್ಲಿ ಬಿಲ್ ಆಗುವುದಿಲ್ಲ' ಎಂಬ ಮಾತನ್ನು ಕ್ಯಾಷಿಯರ್ ಬಾಯಿಂದ ಹೇಳಿಸಬೇಡಿ.

ತಾವಾಗಿಯೇ ಬಿಡುವು ಬೇಡ ಎನ್ನುವವರ ವಿಷಯ ಬೇರೆ. ಅವರನ್ನು ಒಬ್ಬೊಬ್ಬರನ್ನಾಗಿ, ಬೇರೆಯವರ ಎದುರಿಗಲ್ಲದೆ, ಕಾರಣ ಕೇಳಿ. ಮಾರಾಟದ ಮೇಲೆ ಕಮಿಷನ್ ಇರುವ ಕಡೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಅರ್ಧ ಗಂಟೆ ಮಾತಾಡಿಸಿ ಒಪ್ಪಿಸಿದ ಗಿರಾಕಿ, ತಾನು ಊಟಕ್ಕೆ ಹೋದಾಗ ಬಂದು ಖರೀದಿಸಿದರೆ ಕಮಿಷನ್ ಇನ್ನೊಬ್ಬರಿಗೆ ಹೋಗುತ್ತದೆ. ಅವರ ಭಯ ನಿಜವಾದದ್ದೇ. ಬಿಡುವಿನ ಹೊತ್ತಿನಲ್ಲಿ ಮುಗಿದ ಅಂಥ ಮಾರಾಟವನ್ನು ಆರಂಭಿಸಿದವರ ಹೆಸರಿಗೇ ಬರೆಯುವುದೋ ಇಬ್ಬರಿಗೂ ಹಂಚುವುದೋ ಎಂಬ ನಿಯಮವನ್ನು ಲಿಖಿತವಾಗಿ ಮಾಡಿದರೆ ಬಿಡುವು ಬೇಡ ಎನ್ನುವವರು ಕಡಿಮೆಯಾಗುತ್ತಾರೆ. ಇನ್ನು ಕೆಲವರು ಊಟ ಬಿಟ್ಟು ಅರ್ಧ ಗಂಟೆ ಮುಂಚೆ ಮನೆಗೆ ಹೋಗಬಯಸುತ್ತಾರೆ. ಅದನ್ನು ಒಪ್ಪಿಕೊಳ್ಳಬೇಡಿ ಎಂದೇ ನನ್ನ ಸಲಹೆ, ಏಕೆಂದರೆ ಒಬ್ಬರಿಗೆ ಒಪ್ಪಿದರೆ ಅದೇ ರೂಢಿಯಾಗಿ, ಊಟಕ್ಕೆ ಹೋಗಬಯಸುವವರೇ ತಪ್ಪಿತಸ್ಥರಂತೆ ಕಾಣತೊಡಗುತ್ತಾರೆ. ಮತ್ತೆ ಕೆಲವರಿಗೆ ಕೂತು ಊಟ ಮಾಡಲು ಜಾಗವೇ ಇರುವುದಿಲ್ಲ. ಸ್ಟಾಕ್ ರೂಮಿನ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ತಿನ್ನಬೇಕಾದರೆ ಯಾರಿಗೆ ಹೋಗಬೇಕೆನಿಸುತ್ತದೆ? ದಿನವಿಡೀ ನಿಂತೇ ದುಡಿಯುವವರಿಗೆ ಊಟದಷ್ಟೇ ಮುಖ್ಯವಾದದ್ದು ಕಾಲಿಗೆ ಸಿಗುವ ವಿಶ್ರಾಂತಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಕುಡಿಯುವ ನೀರು, ಕೈ ತೊಳೆಯುವ ವ್ಯವಸ್ಥೆ, ಗಿರಾಕಿಗಳ ಕಣ್ಣಿಗೆ ಬೀಳದ ಒಂದು ಮೂಲೆ, ಇಷ್ಟಾದರೂ ಇರಲೇಬೇಕು.

ಊಟದ ನಡುವೆ ಎಬ್ಬಿಸುವುದನ್ನು ಪೂರ್ತಿ ನಿಲ್ಲಿಸಿ. ವಾಕಿಟಾಕಿ, ಸ್ಟಾಕ್ ರೂಮಿನ ಬೀಗದ ಕೈ, ಮಳಿಗೆಯ ಫೋನು ಇವೆಲ್ಲ ಬದಲಿಯವರ ಕೈ ಸೇರಿದ ಮೇಲೆಯೇ ಬಿಡುವು ಆರಂಭವಾಗಲಿ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ಊಟದ ಹೊತ್ತನ್ನು ಸಂಬಳದ ಲೆಕ್ಕದಿಂದ ಹೊರಗಿಡಬೇಕಾದರೆ ನೌಕರರು ಕೆಲಸದಿಂದ ಸಂಪೂರ್ಣವಾಗಿ ಬಿಡುಗಡೆಯಾಗಿರಬೇಕು. ತಿನ್ನುತ್ತಲೇ ಕೆಲಸ ನೋಡಿಕೊಳ್ಳುತ್ತಿದ್ದರೆ ಅದು ದುಡಿಮೆಯ ಹೊತ್ತೇ. ಆ ದೇಶದವರಲ್ಲದವರೂ ಪಾಲಿಸಬಹುದಾದ ಒಳ್ಳೆಯ ಅಳತೆಗೋಲು ಇದು.

ಕಾನೂನು ಊರಿಂದೂರಿಗೆ ಬೇರೆಯಾಗುವುದರಿಂದ ನಿಮಗೆ ಅನ್ವಯಿಸುವುದನ್ನು ಮೊದಲು ಓದಿಕೊಳ್ಳಿ. ಜರ್ಮನಿಯಲ್ಲಿ ಬಿಡುವಿಲ್ಲದೆ 6 ಗಂಟೆಗಿಂತ ಹೆಚ್ಚು ಹೊತ್ತು ದುಡಿಸುವಂತಿಲ್ಲ. ದಿನದ ಕೆಲಸ 6 ಗಂಟೆ ಮೀರಿದರೆ 30 ನಿಮಿಷ, 9 ಗಂಟೆ ಮೀರಿದರೆ 45 ನಿಮಿಷ ಬಿಡುವು ಕೊಡಬೇಕು. ಜಪಾನಿನಲ್ಲಿ 6 ಗಂಟೆ ಮೀರಿದರೆ 45 ನಿಮಿಷ, 8 ಗಂಟೆ ಮೀರಿದರೆ 60 ನಿಮಿಷ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಐದನೆಯ ಗಂಟೆ ಮುಗಿಯುವುದರೊಳಗೆ 30 ನಿಮಿಷದ ಬಿಡುವು ಆರಂಭವಾಗಬೇಕು, ಕೊಡದಿದ್ದರೆ ಆ ದಿನಕ್ಕೆ ಒಂದು ಗಂಟೆಯ ಸಂಬಳವನ್ನು ಹೆಚ್ಚಾಗಿ ತೆರಬೇಕು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದ ಮಾತು ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು: ಮಾಲೀಕರು ನೌಕರರನ್ನು ಎಲ್ಲ ಕೆಲಸದಿಂದಲೂ ಬಿಡುಗಡೆ ಮಾಡಬೇಕು, ಬಿಡುವು ತೆಗೆದುಕೊಳ್ಳದಂತೆ ಅಡ್ಡಿಯನ್ನಾಗಲಿ ಒತ್ತಡವನ್ನಾಗಲಿ ತರಬಾರದು, ಆದರೆ ಆ ಹೊತ್ತಿನಲ್ಲಿ ಅವರು ಕೆಲಸ ಮಾಡದಂತೆ ಕಾವಲು ಕಾಯುವ ಹೊಣೆ ಮಾಲೀಕರದಲ್ಲ. ಅಡ್ಡಿ, ಒತ್ತಡ ಎರಡೂ ಇಲ್ಲ ಎಂದು ಹೇಳಬೇಕಾದರೆ ಮೇಲೆ ಹೇಳಿದ ಬದಲಿ, ಟ್ರೇ, ಕಮಿಷನ್, ಕುರ್ಚಿ ಇವೆಲ್ಲ ಮೊದಲು ಸರಿಯಾಗಿರಬೇಕು.

ದಾಖಲೆಯ ಬಗ್ಗೆ ಒಂದು ಎಚ್ಚರಿಕೆ. ಎಲ್ಲರ ಹಾಜರಿಯಿಂದಲೂ ದಿನಕ್ಕೆ ಅರ್ಧ ಗಂಟೆಯನ್ನು ತಾನಾಗಿಯೇ ಕಳೆಯುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಅದನ್ನು ತೆಗೆಸಿ, ಏಕೆಂದರೆ ಊಟಕ್ಕೆ ಹೋಗದವರ ಸಂಬಳವನ್ನೂ ಅದು ಕತ್ತರಿಸುತ್ತದೆ, ಬಿಡುವು ತಪ್ಪಿದ್ದು ಯಾರ ಕಣ್ಣಿಗೂ ಬೀಳದಂತೆ ಮಾಡುತ್ತದೆ. ಹೋದ ನಿಮಿಷ, ಬಂದ ನಿಮಿಷ ಇದ್ದದ್ದು ಇದ್ದಂತೆ ದಾಖಲಾಗಲಿ. ಊಟದ ಬಿಡುವಿನ ಪಂಚ್‌ಗಳನ್ನು, ಎಂದರೆ ಹಾಜರಿ ಯಂತ್ರದಲ್ಲಿ ದಾಖಲಾದ ಹೋದ ಬಂದ ಹೊತ್ತನ್ನು, ಹತ್ತಿರದ ದುಂಡು ಸಂಖ್ಯೆಗೆ ಹೊಂದಿಸುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಅದೇ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿದೆ. ವಾರಕ್ಕೊಮ್ಮೆ ಕೂತು, ಕೆಲಸಕ್ಕೆ ಬಂದು ಎಷ್ಟು ಹೊತ್ತಾದ ಮೇಲೆ ಬಿಡುವು ಆರಂಭವಾಯಿತು ಎಂಬ ಒಂದೇ ಅಂಕಿಯನ್ನು ನೋಡಿ. ತಡವಾದ ದಿನಗಳು ಯಾರೋ ಒಬ್ಬ ನೌಕರರ ಸುತ್ತ ಸೇರಿಕೊಂಡಿವೆಯೋ ಒಬ್ಬ ಸೂಪರ್‌ವೈಸರ್ ಶಿಫ್ಟಿನ ಸುತ್ತಲೋ ಎಂಬುದು ಅಲ್ಲಿ ತಿಳಿಯುತ್ತದೆ. ಎಲ್ಲರ ಬಿಡುವೂ ಪ್ರತಿದಿನ ಸರಿಯಾಗಿ ಒಂದರಿಂದ ಒಂದೂವರೆ ಎಂದೇ ಬರೆದಿದ್ದರೆ ಆ ಪುಸ್ತಕವನ್ನು ನಂಬಬೇಡಿ, ಯಾರೋ ಸಂಜೆ ಕೂತು ತುಂಬಿದ್ದಾರೆ.

ಕ್ರಮ ಕೈಗೊಳ್ಳುವ ಮಾತಿಗೆ ಬರುತ್ತೇನೆ. ಊಟ ತಪ್ಪಿಸಿದ ನೌಕರರಿಗೆ ಮೊದಲೇ ನೋಟಿಸು ಕೊಡಬೇಡಿ. ಕೊಟ್ಟರೆ ಅವರು ಪಂಚ್ ಮಾಡಿ ಹೊರಗೆ ಹೋದಂತೆ ತೋರಿಸಿ, ಒಳಗೆ ಬಂದು ಕೆಲಸ ಮಾಡುತ್ತಾರೆ. ಮೊದಲು ಊಟ ಮಾತ್ರ ಇರಲಿಲ್ಲ, ಈಗ ದಾಖಲೆಯೂ ಸುಳ್ಳಾಯಿತು. ವಿವರಣೆ ಕೇಳಬೇಕಾದದ್ದು ಆ ಶಿಫ್ಟ್ ನಡೆಸಿದವರನ್ನು: ಬದಲಿಯವರ ಹೆಸರು ಪಟ್ಟಿಯಲ್ಲಿತ್ತೇ, ಅವರು ಹೊತ್ತಿಗೆ ಸರಿಯಾಗಿ ಹೋಗಿ ನಿಂತರೇ, ನಿಲ್ಲದಿದ್ದರೆ ಅವರನ್ನು ಬೇರೆ ಕೆಲಸಕ್ಕೆ ಎಳೆದವರು ಯಾರು? ಎಲ್ಲ ಸರಿಯಿದ್ದೂ ಒಬ್ಬರು ಮತ್ತೆ ಮತ್ತೆ ನಿರಾಕರಿಸಿದರೆ ಮಾತ್ರ ಅವರೊಂದಿಗೆ ಲಿಖಿತವಾಗಿ ವ್ಯವಹರಿಸಿ. ಅಷ್ಟರಲ್ಲಿ ನಿಮ್ಮ ಹೆಸರನ್ನೂ ಅದೇ ಪಟ್ಟಿಯಲ್ಲಿ, ಬದಲಿಯವರ ಹೆಸರಿನೊಂದಿಗೆ, ಬರೆದುಕೊಂಡಿರಿ. ಮೇಲ್ವಿಚಾರಕರು ಊಟ ಬಿಟ್ಟು ಓಡಾಡುವ ಮಳಿಗೆಯಲ್ಲಿ ಹೊಸದಾಗಿ ಸೇರಿದವರು ಒಂದು ಗಂಟೆಗೆ ಧೈರ್ಯವಾಗಿ ಎದ್ದು ಹೋಗುವುದಿಲ್ಲ.